ಲೈಸನ್ಸಿಗಾಗಿ ಚಿಕ್ಕೋಡಿಗೆ ನಡೆದು ಹೋದ ಸುಗಂಧಾ

ಕಬ್ಬೂರಿನ ಬಸದಿಯ ಹಿಂದೆ ಒಂದು ಹಳೆಯ ಕಲ್ಲುಬಾವಿ. ಮೂಡಲು ಕೆಂಪಾಗುತ್ತಿದೆ, ಬಾವಿಯೊಳಗೆ ಮಾತ್ರ ಇನ್ನೂ ಕತ್ತಲು. ಮಡಿಸೀರೆ ಉಟ್ಟ ಸುಗಂಧಾ ಹಗ್ಗ ಇಳಿಬಿಡುತ್ತಾರೆ, ಕೊಡ ನೀರಿಗೆ ಬಿದ್ದ ಸದ್ದು ಕೇಳುತ್ತಲೇ ಎಳೆಯತೊಡಗುತ್ತಾರೆ. ಮೇಲೆ ಬಂದ ನೀರನ್ನು ಎರಡು ಮಡಿಕೆಯ ದಪ್ಪ ಬಟ್ಟೆಯಲ್ಲಿ ಸೋಸುತ್ತಾರೆ. ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಬಟ್ಟೆಯಲ್ಲಿ ಉಳಿದಿರಬಹುದಾದ, ಕಣ್ಣಿಗೆ ಕಾಣದ ಜೀವಗಳು ಒಣಗಿ ಸಾಯಬಾರದು. ಬಟ್ಟೆಯನ್ನು ಮಗುಚಿ ಹಿಡಿದು, ಸೋಸಿದ ನೀರನ್ನೇ ಅದರ ಮೇಲೆ ಹನಿಸಿ, ಆ ನೀರನ್ನು ಸಣ್ಣ ತಂಬಿಗೆಯಲ್ಲಿ ಕೂಡಿಸಿ, ಬಾವಿಯ ನೀರಿನ ಮಟ್ಟದ ತನಕ ಮೆಲ್ಲಗೆ ಇಳಿಸಿ ಬಿಡುತ್ತಾರೆ. ಮೇಲಿನಿಂದಲೇ ಸುರಿದರೆ ಆಗದೇ ಎಂದು ಕೇಳಿದೆ.

"ನಿಮ್ಮನ್ನ ಮಾಳಿಗಿ ಮ್ಯಾಲಿಂದ ಒಗದ್ರ ನಡೀತೈತೇನ್ರಿ ಕಾಕಾ?" ಎಂದು ಸುಗಂಧಾ ನಗುತ್ತಾರೆ.

ಇವತ್ತು ಆ ನಗೆಯಲ್ಲಿ ಅವಸರವಿದೆ. ಹಗ್ಗ ಎಳೆಯುವ ಕೈಯಲ್ಲೂ ಅವಸರವಿದೆ. ಬೆಳಗಿನ ಹನ್ನೊಂದಕ್ಕೆ ಚಿಕ್ಕೋಡಿಯಲ್ಲಿ ಅವರ ವಾಹನ ಚಾಲನೆಯ ಪರೀಕ್ಷೆ. ಐವತ್ತೊಂದನೆಯ ವಯಸ್ಸಿನಲ್ಲಿ, ಕಾರು ನಡೆಸಿ ತೋರಿಸಿ, ಅವಧಿ ಮುಗಿದು ತಪ್ಪಿಹೋದ ಲೈಸನ್ಸನ್ನು ಮರಳಿ ಪಡೆಯಬೇಕು. ಪಾಸಾದರೆ ಈ ವಾರದ ಕೊನೆಗೆ ಕಾಲ್ನಡಿಗೆಯಲ್ಲಿ ಹೊರಡುವ ಜೈನ ಸಾಧ್ವಿ ಮಾತಾಜಿಯವರ ಸಂಘದ ಸಾಮಾನಿನ ಟೆಂಪೊ ಓಡಿಸುವವರು ಇವರೇ. ಆಗದಿದ್ದರೆ ಹೋದ ವರ್ಷದಂತೆ ಈ ವರ್ಷವೂ ಪಕ್ಕದ ಸೀಟು. ಬಸದಿಯ ಸಮಿತಿಯ ಅಧ್ಯಕ್ಷ ಅಪ್ಪಾಸಾಬರು ಈಗಾಗಲೇ ಇನ್ನೊಬ್ಬ ಚಾಲಕನಿಗೆ ಹೇಳಿ ಇಟ್ಟಿದ್ದಾರೆ.

ಗೋಡೆಯ ಆಚೆಯಿಂದ ಸಕ್ಕುಬಾಯಿಯ ದನಿ ಕೇಳುತ್ತದೆ. ಸಕ್ಕುಬಾಯಿ ಪಕ್ಕದ ಮನೆಯ ರೈತ ಹೆಂಗಸು, ಕಬ್ಬಿನ ಹೊಲದ ಒಡತಿ, ಸುಗಂಧಾರ ಜೀವದ ಗೆಳತಿ. ಇವತ್ತಿನ ಪರೀಕ್ಷೆಗೆ ಕಾರು ಅವರದೇ.

"ಏ ಸುಗಂಧಾ, ಬಾವಿ ಬತ್ತಸ್ತೀಯೇನ ಇವತ್ತ? ಎಷ್ಟ ಜಗ್ಗತಿ! ಕೈ ನೋವ ಮಾಡಕೊಂಡ್ರ ಸ್ಟೇರಿಂಗ ಯಾರ ತಿರವಬೇಕ, ನಮ್ಮಪ್ಪ?"

"ನಿಮ್ಮಪ್ಪ ಇದ್ದಿದ್ರ ಅವರನ್ನs ಕರಕೊಂಡ ಹೊಕ್ಕಿದ್ನಿ. ನಿನ್ನಷ್ಟ ಒದರತಿದ್ದಿಲ್ಲ ಅವರು!"

ಈ ಬಾವಿಕಟ್ಟೆ ನನಗೆ ಹೊಸದಲ್ಲ. ನಮ್ಮ ಮನೆಯಾಕೆ ಇರುವಾಗ ಇಬ್ಬರೂ ಬರುತ್ತಿದ್ದೆವು. ಒಬ್ಬನೇ ಬಂದದ್ದು ಇದೇ ಮೊದಲು. ಸುಗಂಧಾ ಕೊಡ ಕೆಳಗಿಟ್ಟು, "ಕಾಕೂ ಇರಬೇಕಿತ್ತ್ರಿ ಇವತ್ತ. ಪರೀಕ್ಷಾ ಸಾಹೇಬ್ರ ಕೂಡ ಅವರs ಮಾತಾಡಿ ಮುಗಸ್ತಿದ್ರು" ಎನ್ನುತ್ತಾರೆ. ಮತ್ತೆ ಹಗ್ಗಕ್ಕೆ ಕೈ ಹಾಕುತ್ತಾರೆ. ಇನ್ನೂ ಏಳೆಂಟು ಕೊಡ ಬಾಕಿ ಇದೆ.

ಸುಗಂಧಾರ ನಿತ್ಯದ ಕೆಲಸ ನೀರಿನದು. ಬಸದಿಯ ಅಭಿಷೇಕಕ್ಕೆ, ಮುನಿಗಳು, ಮಾತಾಜಿಯರಂಥ ತ್ಯಾಗಿಗಳು ಊರಲ್ಲಿ ತಂಗಿದಾಗ ಅವರ ಆಹಾರ ಸಿದ್ಧವಾಗುವ ಚೌಕಕ್ಕೆ, ಬಾವಿಯ ನೀರೇ ಆಗಬೇಕು. ಅದನ್ನು ಸೋಸಿಯೇ ಕೊಡಬೇಕು. ನಲ್ಲಿ ಬಂದರೂ, ಬೋರು ಬಂದರೂ ಈ ಕೆಲಸ ನಿಂತಿಲ್ಲ. ಇಪ್ಪತ್ತೈದು ವರ್ಷಗಳಿಂದ ಈ ಹಗ್ಗ ಇವರ ಕೈಯಲ್ಲಿದೆ. ಹಬ್ಬದ ದಿನಗಳಲ್ಲಿ ನಲವತ್ತು ಕೊಡದವರೆಗೂ ಎಳೆದದ್ದುಂಟು. ಚೌಕದಲ್ಲಿ ಅಡುಗೆ ಮಾಡಿದವರ ಹೆಸರನ್ನು ಬಸದಿಯ ಧ್ವನಿವರ್ಧಕದಲ್ಲಿ ಕೂಗುತ್ತಾರೆ, ದಾನ ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತುತ್ತಾರೆ. ನೀರು ಎಳೆದವರ ಹೆಸರನ್ನು ಯಾರೂ ಕೇಳುವುದಿಲ್ಲ. ಗಂಡ ಪಾರಿಸ ಊರ ಪೇಟೆಯಲ್ಲಿ ಹೊಲಿಗೆಯ ಯಂತ್ರ ಇಟ್ಟುಕೊಂಡಿದ್ದಾರೆ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು.

ಇಂಥ ಹೆಂಗಸಿಗೆ ಲೈಸನ್ಸು ಎಲ್ಲಿಂದ ಬಂತು? ತವರು ಕಾಗವಾಡದ ಕಡೆ. ಅಣ್ಣ ತಾತ್ಯಾಸಾಹೇಬ ಮೀರಜದ ದಾರಿಯಲ್ಲಿ ಜನರನ್ನು ತುಂಬಿಕೊಂಡು ಹೋಗುವ ವಡಾಪ್ ಜೀಪು ಓಡಿಸುತ್ತಿದ್ದ. ಮಧ್ಯಾಹ್ನ ಅವನು ಉಂಡು ಮಲಗಿದಾಗ ತಂಗಿ ಜೀಪು ಹತ್ತಿ ಮೈದಾನದಲ್ಲಿ ಸುತ್ತು ಹೊಡೆಯುತ್ತಿದ್ದಳಂತೆ. "ಒಂದ ದಿನ ಎದ್ದ ನೋಡ್ಯಾನ್ರಿ. ಬಡೀತಾನ ಅಂದಕೊಂಡಿದ್ನಿ. ‘ಕ್ಲಚ್ ಅಷ್ಟ ಜೋರ ಬಿಡಬ್ಯಾಡಲೇ, ಮೆಲ್ಲಕ ಬಿಡು’ ಅಂದು ಹೊಳ್ಳಿ ಮಲಗಿದ!"

ಮದುವೆಯಾಗಿ ಕಬ್ಬೂರಿಗೆ ಬಂದ ಮೇಲೆ ಆ ವಿದ್ಯೆ ಕೆಲವು ವರ್ಷ ಸುಮ್ಮನೆ ಬಿದ್ದಿತ್ತು. ಒಮ್ಮೆ ಇಲ್ಲಿ ಚಾತುರ್ಮಾಸ ಮುಗಿಸಿದ ಮಾತಾಜಿಯವರ ಸಂಘ ಹೊರಡುವಾಗ, ಚೌಕದ ಸಾಮಾನು ಮತ್ತು ಅಡುಗೆಯ ಹೆಂಗಸರನ್ನು ಒಯ್ಯುವ ಟೆಂಪೊಗೆ ಹೆಣ್ಣುಮಗಳೇ ಚಾಲಕಿಯಾದರೆ ಒಳ್ಳೆಯದು ಎಂಬ ಮಾತು ಬಂತು. ಸಂಘದಲ್ಲಿ ಎಲ್ಲರೂ ಹೆಂಗಸರು. ಪಾರಿಸ ಮೊದಲ ಸಲ ಸಭೆಯಲ್ಲಿ ಬಾಯಿ ತೆರೆದು, "ನಮ್ಮಾಕಿಗಿ ಬರ್ತೈತಿ" ಎಂದರು. ಹೀಗೆ ಮೂವತ್ತು ದಾಟಿದ ಮೇಲೆ ಸುಗಂಧಾ ಲೈಸನ್ಸು ಪಡೆದರು.

ಅಂದಿನಿಂದ ವರ್ಷಕ್ಕೊಮ್ಮೆ, ದೀಪಾವಳಿ ಕಳೆದು ಸಂಘಗಳು ವಿಹಾರಕ್ಕೆ, ಅಂದರೆ ಊರೂರಿನ ಕಾಲ್ನಡಿಗೆಗೆ, ಹೊರಟಾಗ, ಹತ್ತು ಹನ್ನೆರಡು ದಿನ ಮಾತ್ರ ಅವರು ಗಾಡಿ ಓಡಿಸುತ್ತಾರೆ. ಮಾತಾಜಿಯವರು ಬರಿಗಾಲಲ್ಲಿ ನಡೆಯುತ್ತಾರೆ. ಟೆಂಪೊ ಅವರಿಗಿಂತ ಮುಂದೆ ಹೋಗಿ, ಮುಂದಿನ ಊರಿನಲ್ಲಿ ಬಾವಿ ಹುಡುಕಿ, ನೀರು ಎಳೆದು, ಸೋಸಿ, ಒಲೆ ಹೊತ್ತಿಸಿ ಕಾಯಬೇಕು. ರಾಯಬಾಗ, ಕುಡಚಿ, ಕೃಷ್ಣೆಯನ್ನು ದಾಟಿ ಅಥಣಿ ತಾಲ್ಲೂಕಿನ ಅನಂತಪುರದವರೆಗೆ ಯಾವ ಊರಿನ ಯಾವ ಬಾವಿಯಲ್ಲಿ ನೀರಿದೆ ಎಂಬುದು ಸುಗಂಧಾರಿಗೆ ಬಾಯಿಪಾಠ. ಕುಡಚಿಯ ಸ್ಟೇಷನ್ ಬಳಿಯ ಹಣ್ಣಿನ ವ್ಯಾಪಾರಿಯೊಬ್ಬರು ಇವರ ಟೆಂಪೊ ಕಂಡ ಕೂಡಲೇ ಗಾಡಿಯ ಮುಂದೆ ಓಡುತ್ತಾ, ದಾರಿಯಲ್ಲಿರುವ ಕೈಗಾಡಿಗಳನ್ನು ಬದಿಗೆ ಸರಿಸಿ ಕೊಡುತ್ತಾರೆ.

"ಉಳಿದ ದಿನಾ ಎಲ್ಲಾರ ಹಿಂದ ಇರ್ತೀನ್ರಿ ನಾ. ಗಂಡನ ಸೈಕಲ್ ಮೋಟರ ಹಿಂದ, ಬಸ್ಸಿನ್ಯಾಗ ಹಿಂದ, ಪೂಜಾದಾಗೂ ಹಿಂದ. ಆ ಹತ್ತ ದಿನ ಮಾತ್ರ ನಾ ಮುಂದ. ಹಾದಿ ಪೂರಾ ಕಾಣ್ತೈತ್ರಿ" ಎಂದು ಸುಗಂಧಾ ಹೇಳುವಾಗ ಕಣ್ಣು ಅರಳುತ್ತದೆ.

ತೊಂದರೆ ಶುರುವಾದದ್ದು ಹೋದ ವರ್ಷ. ಅಂದು ಕೊಟ್ಟ ಲೈಸನ್ಸು ಐವತ್ತು ವರ್ಷ ತುಂಬುವವರೆಗೆ ಮಾತ್ರ. ಶಾಲೆಗೆ ಸೇರಿಸುವಾಗ ಮಾಸ್ತರರು ತಮಗೆ ತೋಚಿದ ತಾರೀಖನ್ನು ಹುಟ್ಟಿದ ದಿನವೆಂದು ಬರೆದುಕೊಂಡಿದ್ದರು. ಅದು ಸುಗಂಧಾರ ನೆನಪಿನಲ್ಲಿ ಇರಲೂ ಇಲ್ಲ. ದಶಲಕ್ಷಣ ಪರ್ವದ ಮೊದಲ ದಿನ, ಭಾದ್ರಪದ ಶುದ್ಧ ಪಂಚಮಿಯಂದು, ಪಾರಿಸ ಟ್ರಂಕಿನಿಂದ ಪೂಜೆಯ ವಸ್ತ್ರ ತೆಗೆಯುವಾಗ ಕಾರ್ಡು ಕೈಗೆ ಬಂತು. ಓದಿ ನೋಡಿದರೆ ಅದರ ಅವಧಿ ಅವತ್ತೇ ಮುಗಿಯುತ್ತದೆ!

ದಿನವೂ ಗಾಡಿ ಓಡಿಸುವವರಿಗೆ ಪೊಲೀಸರ ಭಯದಿಂದಲಾದರೂ ಕಾರ್ಡಿನ ನೆನಪಿರುತ್ತದೆ. ಅಪರೂಪಕ್ಕೆ ಓಡಿಸುವವರ ಕಾರ್ಡು ಟ್ರಂಕಿನ ತಳದಲ್ಲಿ ಸದ್ದಿಲ್ಲದೆ ಮುಪ್ಪಾಗುತ್ತದೆ. ಅವಧಿ ಮುಗಿದ ಮರುದಿನದಿಂದ ಗಾಡಿ ಮುಟ್ಟುವಂತಿಲ್ಲ. ಆದರೆ ಒಂದು ವರ್ಷದೊಳಗೆ ಹೋದರೆ ಡಾಕ್ಟರ ಪ್ರಮಾಣಪತ್ರ ಕೊಟ್ಟು ನವೀಕರಿಸಿಕೊಳ್ಳಬಹುದು, ಓಡಿಸಿ ತೋರಿಸಬೇಕಾಗಿಲ್ಲ. ವರ್ಷ ದಾಟಿದರೆ ಮತ್ತೆ ಪರೀಕ್ಷೆ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಲೂ ಬರುತ್ತದೆ. ಅದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಇದನ್ನು ಓದುತ್ತಿರುವವರು ತಮ್ಮ ಕಾರ್ಡನ್ನು ಇವತ್ತೇ ಹುಡುಕಿ ನೋಡಿದರೆ ಈ ಬರಹ ಸಾರ್ಥಕ.

ಸುಗಂಧಾ ಕೂಡ ಎಲ್ಲರಂತೆ ಇನ್ನೂ ವರ್ಷವಿದೆಯಲ್ಲ ಎಂದುಕೊಂಡು ದಿನ ದೂಡಿದರು, ಅಷ್ಟರಲ್ಲಿ ವಿಹಾರ ಬಂದೇಬಿಟ್ಟಿತು. ಆ ವರ್ಷದ ವಿಹಾರಕ್ಕೆ ಟೆಂಪೊ ಓಡಿಸಿದವನು ಊರಿನ ತರುಣ ನಿಖಿಲ. ಹುಡುಗ ಕೆಟ್ಟವನಲ್ಲ, ಆದರೆ ಕಾಲಿನಲ್ಲಿ ವೇಗ ಹೆಚ್ಚು. ಹಿಂದೆ ಕುಳಿತ ಹೆಂಗಸರು ತಿರುವಿನಲ್ಲೆಲ್ಲ ಪಾತ್ರೆಗಳನ್ನು ತಬ್ಬಿಕೊಂಡು ಣಮೋಕಾರ ಮಂತ್ರ ಹೇಳಿದರು. ಒಂದು ಊರಿನಲ್ಲಿ ಬೋರಿನ ನೀರಿನ ಟ್ಯಾಂಕಿನ ಮುಂದೆ ಗಾಡಿ ನಿಲ್ಲಿಸಿ, "ನೀರ ಐತಲ್ಲ, ತಗೋರಿ" ಎಂದು ಫೋನು ಹಿಡಿದು ಕುಳಿತನಂತೆ. ಪಕ್ಕದ ಸೀಟಿನಲ್ಲಿದ್ದ ಸುಗಂಧಾರ ಬಲಗಾಲು ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. "ಅನಂತಪುರ ಮುಟ್ಟೂದ್ರಾಗ ಕಾಲ ಬಾತಿತ್ರಿ. ಮುಂದಿನ ವರ್ಷ ನಾನs ಅಂತ ಅವತ್ತs ಅಂದಕೊಂಡ್ನಿ" ಎನ್ನುತ್ತಾರೆ.

ಈ ವರ್ಷ ಆಷಾಢದಲ್ಲಿ ಚಾತುರ್ಮಾಸಕ್ಕೆ ಮಾತಾಜಿಯವರು ಕಬ್ಬೂರಿಗೇ ಬಂದರು. ಚಾತುರ್ಮಾಸ ಶುರುವಾಗುವ ಸ್ಥಾಪನೆಯ ದಿನ ಸಭೆ ಕಿಕ್ಕಿರಿದಿತ್ತು. ನಮ್ಮಲ್ಲಿ ಆ ದಿನ ಒಬ್ಬೊಬ್ಬರೂ ಒಂದೊಂದು ನೇಮ ಹಿಡಿಯುತ್ತಾರೆ. ಒಬ್ಬರು ಸಕ್ಕರೆ ಬಿಡುತ್ತಾರೆ, ಒಬ್ಬರು ಮಂಚ ಬಿಟ್ಟು ಚಾಪೆಯ ಮೇಲೆ ಮಲಗುತ್ತಾರೆ. ಆ ಉತ್ಸಾಹದಲ್ಲಿ ಸುಗಂಧಾ ಎದ್ದು ನಿಂತು ಕೈ ಮುಗಿದು, "ದೀಪಾವಳಿ ತನಕಾ ಯಾವ ಗಾಡೀನೂ ಏರಂಗಿಲ್ರಿ ಮಾತಾಜಿ" ಎಂದುಬಿಟ್ಟರು. ಚಪ್ಪಾಳೆ ಬಿತ್ತು. ಮನೆಗೆ ಬಂದು ಚಪ್ಪಲಿ ಬಿಡುವಾಗ ಪಾರಿಸ ಕೇಳಿದರು: "ಲೈಸನ್ಸ?"

ಸುಗಂಧಾ ಹೊಸ್ತಿಲ ಮೇಲೆಯೇ ಕುಳಿತರು.

ನೇಮಕ್ಕೆ ವಿನಾಯಿತಿ ಕೇಳುವ ಸುಲಭದ ದಾರಿಯನ್ನು ಅಪ್ಪಾಸಾಬರು ಹೇಳಿದರು. "ಮಾತಾಜಿಯವರಿಗೆ ಕೇಳಿ ಒಂದ ದಿನದ ಸೂಟ ತಗೋವಾ. ಹೋಗಿ ಬಂದ್ರಾತು." ಸುಗಂಧಾ ಕೇಳಲು ಹೋದರು, ಆದರೆ ವಿನಾಯಿತಿ ಕೇಳದೆ ಸಂಗತಿಯನ್ನಷ್ಟೇ ಹೇಳಿದರು. ಊರಿಂದೂರಿಗೆ ನಡೆದೇ ಬಾಳು ಸವೆಸಿದ ಆ ಹಿರಿಯ ತ್ಯಾಗಿಗಳು, "ಚಿಕ್ಕೋಡಿ ಬಹಳ ದೂರ ಏನವಾ? ನಡೀಲಿಕ್ಕೆ ಬರೂದಿಲ್ಲೇನು?" ಎಂದು ಕೇಳಿದರು. ಸುಗಂಧಾರಿಗೆ ನಗು ತಡೆಯಲಾಗಲಿಲ್ಲ. ಕಾರ್ಡು ನವೀಕರಿಸಲು ಗಾಡಿ ಏರಬೇಕಿಲ್ಲ, ಕಚೇರಿ ಮುಟ್ಟಿದರೆ ಸಾಕು!

ವರ್ಷ ತುಂಬುವುದರೊಳಗೆ ಹೋದರಾಯಿತೆಂದು, ಈ ವರ್ಷದ ಪರ್ವ ಶುರುವಾಗುವ ಎರಡು ದಿನ ಮೊದಲು, ಬಾವಿಯ ಕೆಲಸ ಮುಗಿಸಿ, ಸೋಸಿದ ನೀರಿನ ತಂಬಿಗೆ ಹಿಡಿದು ಸುಗಂಧಾ ಹೊರಟರು. ಆ ನಡಿಗೆಯ ಕಥೆಯನ್ನು ಈ ಭಾಗದ ಬಸ್ಸಿನವರು ಈಗಲೂ ಹೇಳುತ್ತಾರೆ. ಮೊದಲು ಒಬ್ಬ ಹಾಲಿನ ಗಾಡಿಯವನು ನಿಲ್ಲಿಸಿದ, ಆಮೇಲೆ ಒಬ್ಬ ಟ್ರ್ಯಾಕ್ಟರಿನವನು. ಕೊನೆಗೆ ಸರಕಾರಿ ಬಸ್ಸೇ ನಿಂತಿತು. ಕಂಡಕ್ಟರು ಬಾಗಿಲಿನಿಂದ ತಲೆ ಹೊರಹಾಕಿದ.

"ಹತ್ರಿ ಅಕ್ಕಾ, ಚಿಕ್ಕೋಡಿ!"

"ಒಲ್ಲೆಪಾ, ನೀವ ನಡೀರಿ."

"ಆಧಾರ ಕಾರ್ಡ ತಂದಿಲ್ಲೇನ್ರಿ? ಇರಲಿ ಹತ್ರಿ. ಹೆಣ್ಣಮಕ್ಕಳಿಗೆ ಪುಕ್ಕಟೆ ಐತಿ!"

"ಪುಕ್ಕಟೆ ಇದ್ರೂ ಒಲ್ಲೆ. ಗಾಡಿ ಏರಂಗಿಲ್ಲ ನಾ."

"ಅಂಥಾದ್ದೇನ ಕೆಲಸ ಐತ್ರಿ ಚಿಕ್ಕೋಡ್ಯಾಗ, ನಡಕೊಂತ ಹೋಗೂವಂಥಾದ್ದು?"

"ಗಾಡಿ ಹೊಡಿಯೂ ಲೈಸನ್ಸ ಮಾಡಸೂದೈತಿ."

ಇಡೀ ಬಸ್ಸು ಬಿದ್ದು ಬಿದ್ದು ನಕ್ಕಿತು. ಹಿಂದಿನ ಸೀಟಿನ ಮುದುಕನೊಬ್ಬ ಕಿಟಕಿಯಿಂದ ಕೂಗಿದನಂತೆ: "ಲೈಸನ್ಸ ಸಿಕ್ಕ ಮ್ಯಾಲೂ ಹಿಂಗs ನಡೀರಿ ತಂಗಿ, ಅಪಘಾತs ಆಗಂಗಿಲ್ಲ!"

ಚಿಕ್ಕೋಡಿಯಲ್ಲಿ ಡಾಕ್ಟರು ಕಣ್ಣು ನೋಡಿ ಪ್ರಮಾಣಪತ್ರ ಕೊಟ್ಟರು. ಅಷ್ಟು ದೂರ ನಡೆದು ಬಂದವರ ರಕ್ತದೊತ್ತಡ ತಮಗಿಂತ ಚೆನ್ನಾಗಿದೆ ಎಂದೂ ಹೇಳಿದರು. ಆರ್‌ಟಿಓ ಕಚೇರಿಯ ಕಿಟಕಿಯ ಮುಂದೆ ಕಾರ್ಡು ಇಟ್ಟು ಸುಗಂಧಾ ನಿಶ್ಚಿಂತೆಯಿಂದ ನಿಂತರು. ಒಳಗಿದ್ದ ಗುಮಾಸ್ತರು ಗಣಕಯಂತ್ರ ನೋಡಿ ತಲೆ ಅಲ್ಲಾಡಿಸಿದರು.

"ಅಕ್ಕಾರ, ವರ್ಷ ದಾಟಿ ಎರಡ ವಾರ ಮ್ಯಾಲಾತಲ್ರಿ. ಟೆಸ್ಟ ಕೊಡಬೇಕಾಗ್ತೈತಿ."

"ಹೆಂಗ್ರಿ ದಾಟತೈತಿ? ಪಂಚಮಿ ನಾಡದ ಐತಿ!"

"ಯಾವ ಪಂಚಮಿ?"

"ಪರ್ವದ ಪಂಚಮಿ. ಹ್ವಾದ ವರ್ಷ ಪಂಚಮಿ ದಿನಾನs ಮುಗಿದಿತ್ರಿ ಇದು."

ಗುಮಾಸ್ತರು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು, ನಕ್ಕರು. ಈ ವರ್ಷ ಅಧಿಕ ಮಾಸ ಬಂದು ಹಬ್ಬಗಳೆಲ್ಲ ಮುಂದಕ್ಕೆ ಹೋಗಿದ್ದವು. ಸುಗಂಧಾರ ಮನೆಯಲ್ಲಿ ಹುಟ್ಟು, ಮದುವೆ, ತಿಥಿ ಎಲ್ಲಕ್ಕೂ ಪಂಚಾಂಗವೇ ಲೆಕ್ಕ. ಲೈಸನ್ಸನ್ನೂ ಅವರು ಅದೇ ಲೆಕ್ಕದಲ್ಲಿ ಸೇರಿಸಿಕೊಂಡಿದ್ದರು. "ಅಕ್ಕಾರ, ಕಂಪ್ಯೂಟರಿಗೆ ಪಂಚಮಿ ಗೊತ್ತಿಲ್ರಿ. ಚಿಂತಿ ಬ್ಯಾಡ, ಮುಂದಿನ ವಾರನs ಟೆಸ್ಟ ಕೊಡ್ರಿ" ಎಂದರು ಗುಮಾಸ್ತರು.

"ದೀಪಾವಳಿ ತನಕಾ ಗಾಡಿ ಏರಂಗಿಲ್ರಿ ನಾ."

"ಗಾಡಿ ಏರದವರಿಗೆ ಲೈಸನ್ಸ ಯಾಕ್ರಿ ಮತ್ತ?" ಎಂದು ಅವರು ಪೆನ್ನು ಕೆಳಗಿಟ್ಟೇ ಕೇಳಿದರು.

ಅಷ್ಟೇ ದಾರಿಯನ್ನು ಸುಗಂಧಾ ಮರಳಿ ನಡೆದರು. ಬರುವಾಗ ಯಾವ ಗಾಡಿ ನಿಂತಿತು, ಯಾರು ಕರೆದರು ಎಂಬುದು ನೆನಪಿಲ್ಲ ಎನ್ನುತ್ತಾರೆ. ದೀಪಾವಳಿಗೂ ಸಂಘ ಹೊರಡುವುದಕ್ಕೂ ನಡುವೆ ವಾರದಷ್ಟೇ ಸಮಯ. ಗಾಡಿ ಮುಟ್ಟಿ ಹೆಚ್ಚುಕಮ್ಮಿ ಎರಡು ವರ್ಷವಾಗುತ್ತದೆ. ಅಷ್ಟರೊಳಗೆ ಗಾಡಿ ಏರದೆ ಗಾಡಿ ಕಲಿಯಬೇಕು!

ಮುಂದಿನ ಎರಡು ತಿಂಗಳು ಕಬ್ಬೂರಿನ ಈ ಓಣಿಯಲ್ಲಿ ನಡೆದದ್ದು ಹಬ್ಬವೇ. ಸಕ್ಕುಬಾಯಿ ತಮ್ಮ ಅಂಗಳದಲ್ಲಿ ರಂಗೋಲಿ ಪುಡಿಯಿಂದ ದೊಡ್ಡ ಎಂಟರ ಆಕಾರ ಬರೆದರು. ಪರೀಕ್ಷೆಯ ಮೈದಾನದಲ್ಲಿ ಕಾರು ಸುತ್ತಬೇಕಾದದ್ದು ಹಾಗೆಯೇ. ಸುಗಂಧಾ ತುಂಬಿದ ಕೊಡ ಸೊಂಟದಲ್ಲಿಟ್ಟುಕೊಂಡು ಅದರ ಮೇಲೆ ನಡೆದರು. ನೀರು ತುಳುಕಿದರೆ ತಿರುವು ತಪ್ಪು ಎಂದು ಲೆಕ್ಕ. ಆಮೇಲೆ ಹಿಂದು ಹಿಂದಕ್ಕೆ ನಡೆದರು. ಓಣಿಯ ಹೆಂಗಸರು ಕಟ್ಟೆಯ ಮೇಲೆ ಕುಳಿತು ಹಾರ್ನು ಬಾರಿಸಿದರು, ಬಾಯಿಂದಲೇ. ಪಾರಿಸ ಹೊಲಿಗೆಯ ಅಂಗಡಿಯಿಂದ ಮೂರು ಮರದ ತುಂಡು ತಂದು ಕ್ಲಚ್, ಬ್ರೇಕು, ಎಕ್ಸಲೇಟರ್ ಎಂದು ನೆಲಕ್ಕೆ ಹೊಂದಿಸಿ ಇಟ್ಟರು. ಹಿಟ್ಟು ನಾದುವ ಪರಾತವೇ ಸ್ಟೇರಿಂಗು. ಹೆಂಡತಿ ಮಣೆಯ ಮೇಲೆ ಕುಳಿತು ಪರಾತ ತಿರುವುವುದು, ಗಂಡ ಗುಂಡಿಯ ಕಾಜಾ ಹೊಲಿಯುತ್ತಲೇ "ಎಡಕ್ಕ... ಬಲಕ್ಕ... ಎಮ್ಮಿ ಬಂತು, ಬ್ರೇಕ ಹಾಕು" ಎನ್ನುವುದು.

"ಎಮ್ಮಿ ಅಡ್ಡ ಬಂದ್ರ ಹಾರ್ನ ಹೊಡೀಬೇಕ್ರಿ" ಎಂದು ಸುಗಂಧಾ ವಾದಿಸಿದರೆ ಪಾರಿಸ, "ಹಾರ್ನ ಕೇಳಿ ಸರದ ಎಮ್ಮಿ ತೋರಸ ನನಗ" ಎನ್ನುತ್ತಿದ್ದರಂತೆ.

ಪಕ್ಕದ ಓಣಿಯ ಗಂಡಸರು ಮೊದಲು ನಕ್ಕರು. ನೋಡನೋಡುತ್ತ ಅವರೇ ಬಂದು ಸಲಹೆ ಕೊಡತೊಡಗಿದರು. ನಿಖಿಲನೂ ಬಂದು ಗೇರು ಬದಲಿಸುವ ಹದವನ್ನು ಲಟ್ಟಣಿಗೆ ಹಿಡಿದು ತೋರಿಸಿಕೊಟ್ಟ. "ಮಾವಶಿ, ನೀವ ಪಾಸಾದ್ರ ನನಗ ಕೆಲಸ ಹೋಗ್ತೈತಿ ನೋಡ್ರಿ" ಎಂದು ಕಾಡಿದಾಗ ಸುಗಂಧಾ, "ಹೋಗಲಿ ಬಿಡೋ, ನಿನ್ನ ಕೈಯಾಗ ಫೋನ ಐತಲ್ಲ, ಅದs ನಿನಗ ಕೆಲಸ" ಎಂದರು. ನಕ್ಕವರಲ್ಲಿ ಅವನ ದನಿಯೇ ಎಲ್ಲರಿಗಿಂತ ದೊಡ್ಡದು.

ದೀಪಾವಳಿಯ ಬೆಳಗು ನಿರ್ವಾಣ ಪೂಜೆ ಮುಗಿದು ನೇಮ ಬಿಟ್ಟಿತು. ಅವತ್ತೇ ಮಧ್ಯಾಹ್ನ ಸಕ್ಕುಬಾಯಿಯ ಕಬ್ಬು ಕಡಿದ ಖಾಲಿ ಹೊಲದಲ್ಲಿ ಸುಗಂಧಾ ಕಾರಿನ ಸ್ಟೇರಿಂಗು ಹಿಡಿದರು. ರಸ್ತೆಗೆ ಮಾತ್ರ ಇಳಿಯಲಿಲ್ಲ. ಕಾರ್ಡಿಲ್ಲದೆ ರಸ್ತೆಯ ಮೇಲೆ ಓಡಿಸುವುದಿಲ್ಲ ಎಂಬುದು ಅವರದೇ ಹಟ.

ಹಾಗೆಂದೇ ಇವತ್ತು ಪರೀಕ್ಷೆಗೆ ಕಾರು ಓಡಿಸಿಕೊಂಡು ಚಿಕ್ಕೋಡಿಗೆ ಬಂದವನು ಸಕ್ಕುಬಾಯಿಯ ಮಗ ಸಿದ್ದಲಿಂಗ. ಹಿಂದಿನ ಸೀಟಿನಲ್ಲಿ ಸುಗಂಧಾ, ಪಾರಿಸ, ಸಕ್ಕುಬಾಯಿ, ಮುಂದೆ ನಾನು. ನಮ್ಮ ಹಿಂದೆ ಬಸ್ಸು ಹಿಡಿದು ಓಣಿಯ ಅರ್ಧ ಹೆಂಗಸರು ಬಂದಿಳಿದಿದ್ದಾರೆ. ಮೈದಾನದಲ್ಲಿ ತರುಣರ ಸಾಲು. ಒಬ್ಬ ಹುಡುಗ ಬೈಕಿಗೆ ಒರಗಿ ನಿಂತು, "ಅಜ್ಜಿ, ನೀವೂ ಟೆಸ್ಟಿಗೇನ್ರಿ?" ಎಂದು ಕೇಳುತ್ತಾನೆ.

ಸಕ್ಕುಬಾಯಿ ಬಿಡುವವರಲ್ಲ. "ಯಾರಲೇ ಅಜ್ಜಿ? ನೀ ತೊಟ್ಟಲದಾಗ ಇದ್ದಾಗ ಲೈಸನ್ಸ ತಗೊಂಡಾಳಕಿ!"

ಸುಗಂಧಾರ ಸರದಿ ಬರುತ್ತದೆ. ಚಪ್ಪಲಿ ಸರಿಮಾಡಿಕೊಂಡು, ಕಣ್ಣು ಮುಚ್ಚಿ ಕೈ ಮುಗಿದು, ಬೀಗದ ಕೈ ತಿರುವುತ್ತಾರೆ. ಕಾರು ಒಮ್ಮೆ ಜಿಗಿದು ನಿಂತುಬಿಡುತ್ತದೆ. ಮತ್ತೆ ತಿರುವುತ್ತಾರೆ, ಮತ್ತೆ ನಿಲ್ಲುತ್ತದೆ. ಪಕ್ಕದಲ್ಲಿ ಕುಳಿತ ಇನ್‌ಸ್ಪೆಕ್ಟರು ಮುಗುಳ್ನಗುತ್ತಾರೆ.

"ಗಾಡಿ ಹೊಡದ ಎಷ್ಟ ದಿನ ಆತ್ರಿ?"

"ಎರಡ ದೀಪಾವಳಿ ಆತ್ರಿ."

"ಇಷ್ಟ ಅಪರೂಪಕ್ಕ ಹೊಡಿಯಾವರಿಗೆ ಲೈಸನ್ಸ ಯಾಕ ಬೇಕ್ರಿ?"

"ಅಪರೂಪಕ್ಕ ಅಂತನs ಬೇಕ್ರಿ ಸಾಹೇಬ್ರ. ಆ ಹತ್ತ ದಿನಾ ತಪ್ಪಿದ್ರ ಮತ್ತ ವರ್ಷಗಟ್ಲೆ ಕಾಯಬೇಕ."

ಬೇಲಿಯ ಬಳಿ ಪಾರಿಸ ಯಾರಿಗೂ ಕೇಳದಂತೆ "ಮೆಲ್ಲಕ ಬಿಡು, ಮೆಲ್ಲಕ ಬಿಡು" ಎನ್ನುತ್ತಿದ್ದಾರೆ. ಮೂರನೆಯ ಸಲ ಕಾರು ಹೊರಡುತ್ತದೆ! ಎಂಟರ ಮೊದಲ ಸುತ್ತಿಗೆ ಸಕ್ಕುಬಾಯಿ ನನ್ನ ತೋಳು ಹಿಡಿಯುತ್ತಾರೆ. ಎರಡನೆಯ ಸುತ್ತು ಮುಗಿಯುವಷ್ಟರಲ್ಲಿ ತೋಳು ಜೋಮು ಹಿಡಿದಿದೆ. ಎಂಟರ ಅಂಚಿಗೆ ನೆಟ್ಟ ಒಂದು ಗೂಟವೂ ಅಲುಗಿಲ್ಲ. ಆದರೆ ಕಾರು ಸಾಗುವ ಪರಿಗೆ ಸಾಲಿನ ತರುಣರು ಆಕಳಿಸುತ್ತಿದ್ದಾರೆ.

"ಸ್ವಲ್ಪ ಜೋರ ಹೊಡೀರಿ ಅಕ್ಕಾರ, ನನಗ ಊಟಕ್ಕ ಹೋಗೂದೈತಿ" ಎನ್ನುತ್ತಾರೆ ಇನ್‌ಸ್ಪೆಕ್ಟರು.

"ಯಾರ ಬೆನ್ನ ಹತ್ಯಾರ್ರಿ?" ಎಂದ ಸುಗಂಧಾ ಗೇರು ಮಾತ್ರ ಬದಲಿಸುತ್ತಾರೆ.

ಕೊನೆಗೆ ಹಿಮ್ಮುಖ ಚಾಲನೆ. ಎಲ್ಲರೂ ಹೆದರಿದ್ದು ಇದಕ್ಕೇ. ಕಾರನ್ನು ಸಿದ್ಧ ಮಾಡಿ ನಿಲ್ಲಿಸಿದ ಸುಗಂಧಾ ಇದ್ದಕ್ಕಿದ್ದಂತೆ ಬಾಗಿಲು ತೆರೆದು ಕೆಳಗಿಳಿಯುತ್ತಾರೆ. ಇನ್‌ಸ್ಪೆಕ್ಟರ ಹುಬ್ಬು ಗಂಟಿಕ್ಕುತ್ತದೆ. "ಎಲ್ಲಿಗ್ರಿ? ಕನ್ನಡಿ ಐತಲ್ಲ!" ಬೇಲಿಯ ಬಳಿ ಯಾರೋ, ಮುಗಿಯಿತು, ಸೋತರು ಎನ್ನುತ್ತಾರೆ. ಸುಗಂಧಾ ಕಾರಿನ ಹಿಂದಕ್ಕೆ ಹೋಗಿ ಬಾಗಿ ನೋಡುತ್ತಾರೆ, "ಹಚಾ, ಏಳ, ಏಳ" ಎನ್ನುತ್ತಾರೆ. ನೆರಳು ಕಂಡು ಆಗಷ್ಟೇ ಬಂದು ಮಲಗಿದ್ದ ನಾಯಿಯೊಂದು ಮೈ ಮುರಿದುಕೊಂಡು ಎದ್ದು ನಡೆಯುತ್ತದೆ.

"ಕನ್ನಡ್ಯಾಗ ನೆಲಾ ಕಾಣಂಗಿಲ್ರಿ" ಎಂದು ಒಳಗೆ ಕುಳಿತು ಬಾಗಿಲು ಹಾಕಿಕೊಳ್ಳುತ್ತಾರೆ.

ಹಿಮ್ಮುಖವಾಗಿ ಕಾರು ಹೋದದ್ದು ನೇರವಾಗಿ ಅಂತೂ ಅಲ್ಲ. ಇನ್‌ಸ್ಪೆಕ್ಟರು ಇಳಿದು ಚಕ್ರದ ಗುರುತು ನೋಡಿ, "ಸೊಟ್ಟ ಆತಲ್ರಿ ಅಕ್ಕಾರ" ಎನ್ನುತ್ತಾರೆ. ಸುಗಂಧಾರ ಮುಖ ಬಾಡುತ್ತದೆ. "ಸೊಟ್ಟ ಆತ್ರಿ, ಖರೆ. ಆದ್ರ ಯಾವುದಕ್ಕೂ ತಾಗಿಲ್ರಿ." ಅಧಿಕಾರಿ ಗೂಟಗಳ ಕಡೆ ಒಮ್ಮೆ, ದೂರದಲ್ಲಿ ಮತ್ತೆ ಮಲಗಿದ ನಾಯಿಯ ಕಡೆ ಒಮ್ಮೆ ನೋಡುತ್ತಾರೆ. ಆಮೇಲೆ ಸಹಿ ಹಾಕುತ್ತಾರೆ.

"ಪಾಸ್! ಇನ್ನ ಅರವತ್ತ ತುಂಬೂ ತನಕಾ ಚಿಂತಿಲ್ಲ. ಮುಂದಿನ ಸಲಾ ತಾರೀಖ ನೋಡಿ ಬರ್ರಿ, ಪಂಚಾಂಗ ನೋಡಿ ಅಲ್ಲ."

ಆ ಕ್ಷಣ ಬೇಲಿಯ ಬಳಿ ಎದ್ದ ಸದ್ದನ್ನು ನಾನು ಬರೆಯಲಾರೆ. ಸಕ್ಕುಬಾಯಿ ಸಿಳ್ಳೆ ಹೊಡೆದರು. ಆ ವಯಸ್ಸಿನಲ್ಲಿ ಅವರಿಗೆ ಸಿಳ್ಳೆ ಬರುತ್ತದೆಂಬುದು ಮಗನಿಗೂ ಗೊತ್ತಿರಲಿಲ್ಲ. ಅಜ್ಜಿ ಎಂದ ಹುಡುಗನೇ ಮುಂದೆ ಬಂದು ಕೈ ಕುಲುಕಿದ. ಪಾರಿಸ ಮಾತ್ರ ಕಾರಿನ ಸುತ್ತ ಒಂದು ಸುತ್ತು ಬಂದು, ಕೈವಸ್ತ್ರದಿಂದ ಗಾಜು ಒರೆಸುತ್ತ ನಿಂತರು. ಗಾಜು ಸ್ವಚ್ಛವಾಗಿಯೇ ಇತ್ತು.

ಸಂಘ ಹೊರಡುವ ಬೆಳಗು. ಊರೆಲ್ಲ ಹೆಬ್ಬಾಗಿಲಿನ ಅಗಸಿಯ ಬಳಿ ಸೇರಿದೆ. ಹಾದಿಗೆ ನೀರು ಚಿಮುಕಿಸಿದ್ದಾರೆ, ಜಯಕಾರ ಏಳುತ್ತಿದೆ. ಟೆಂಪೊದ ಹಿಂದೆ ಪಾತ್ರೆ, ಒಲೆ, ಧಾನ್ಯದ ಡಬ್ಬಿಗಳ ನಡುವೆ ಚೌಕದ ಹೆಂಗಸರು ನಿರಾಳವಾಗಿ ಕುಳಿತಿದ್ದಾರೆ. ಹೊಸ ಲೈಸನ್ಸು ಫೋನಿನಲ್ಲಿ ಬಂದಿದೆ. ಅಪ್ಪಾಸಾಬರು ಕನ್ನಡಕ ಏರಿಸಿ ಎರಡೆರಡು ಸಲ ಓದಿ, ಕೀಲಿಯನ್ನು ಸುಗಂಧಾರ ಕೈಗೆ ಕೊಟ್ಟಿದ್ದಾರೆ. ಮುಂದಿನ ಗಾಜಿನ ಹಿಂದೆ ಸೆರಗು ಬಿಗಿದು ಕುಳಿತ ಅವರನ್ನು ನೋಡಲು ನಾನು ಟೆಂಪೊದ ಹತ್ತಿರ ಹೋಗುತ್ತೇನೆ.

ಅರವತ್ತಾದ ಮೇಲೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

"ಮತ್ತ ಪರೀಕ್ಷಾ ಇಡಲಿ ತಗೋರಿ, ಮತ್ತ ಕೊಡ್ತೀನಿ. ನನಗ ಬ್ಯಾರೆ ಏನೂ ಆಸೆ ಇಲ್ಲ ಕಾಕಾ, ಕಣ್ಣ ಕಾಣೂ ತನಕಾ ಈ ಹತ್ತ ದಿನಾ ನನ್ನೂವ ಇರಲಿ." ಅಷ್ಟರಲ್ಲಿ ಅಗಸಿಯಲ್ಲಿ ಜಯಕಾರ ಜೋರಾಗುತ್ತದೆ. ಮಾತಾಜಿಯವರು ಹೆಜ್ಜೆ ಇಟ್ಟಿದ್ದಾರೆ. ಸುಗಂಧಾ ಕೀಲಿ ತಿರುವುತ್ತಾರೆ. ಟೆಂಪೊ ಒಂದೇ ಸಲಕ್ಕೆ ಹೊತ್ತಿಕೊಳ್ಳುತ್ತದೆ.

"ಅವರ ಹೊಂಟ್ರು! ಅವರಕಿಂತ ಮೊದ್ಲ ಮುಟ್ಟಬೇಕ ನಾ. ಸರೀರಿ ಕಾಕಾ, ಗಾಡಿ ಮುಂದ ನಿಂತೀರಿ!"